ಕಲಾಯಿ ತಿಂದ ನಾರು

ನನ್ನ ಅಡಿಗೆಮನೆಯಲ್ಲಿ ಸ್ಪಂಜಿಗೆ ಜಾಗವಿಲ್ಲ. ಮೊಮ್ಮಗಳು ಒಮ್ಮೆ ಹಸಿರು ಬೆನ್ನಿನ ಹಳದಿ ಸ್ಪಂಜೊಂದನ್ನು ತಂದು ನಳದ ಬಾಜೂ ಇಟ್ಟು ಹೋಗಿದ್ದಳು. ಮರುದಿನವೇ ಎತ್ತಿ ತಿಪ್ಪೆಗೆ ಎಸೆದೆ. ಹಾಲಿನ ಪಾತ್ರೆಗೂ ಅದೇ, ರೊಟ್ಟಿ ಹಂಚಿಗೂ ಅದೇ, ಎಣ್ಣೆ ಬಾಣಲೆಗೂ ಅದೇ. ಹೊಟ್ಟೆ ತುಂಬ ಮುಸುರೆ ನೀರು ಕುಡಿದು, ಒಣಗದೆ ಬಿದ್ದುಕೊಂಡು ನಾರುತ್ತದೆ. ಥೂ! "ಅಜ್ಜಿ, ಈಗ ಎಲ್ಲಾರ ಮನ್ಯಾಗೂ ಇದನ್ನ ಇಟ್ಕೊಂಡಾರ" ಎಂದಳು. ಎಲ್ಲರ ಮನೆಯಲ್ಲಿ ಏನಿದ್ದರೆ ನನಗೇನು? ಎಲ್ಲರ ಕಣ್ಣಿಗೆ ಚೆಂದ ಕಾಣಲು ಹೋಗಿಯೇ ನನ್ನ ಅತ್ತೆ ನನ್ನ ಬಾಳಿಗೆ ಬೆಂಕಿ ಇಟ್ಟದ್ದು. ಯಾವ ಪಾತ್ರೆಯನ್ನು ಯಾವುದರಿಂದ ತಿಕ್ಕುತ್ತೀರಿ ಎಂದು ನಾನು ಕೇಳಿದರೆ ಜನ ನಗುತ್ತಾರೆ, ಅದೂ ಒಂದು ಕೇಳುವ ಮಾತೇ ಎಂದು. ನನಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಈ ವಯಸ್ಸಿಗೂ ಬರುತ್ತದೆ.

ನಾನು ಘೋಡಗೇರಿಯ ಒಕ್ಕಲು ಮನೆಯ ಹುಡುಗಿ. ನಮ್ಮಲ್ಲಿ ಇದ್ದದ್ದು ಮಣ್ಣಿನ ಗಡಿಗೆಗಳು, ಕಬ್ಬಿಣದ ಹಂಚು, ಉಣ್ಣಲು ನಾಲ್ಕಾರು ಕಂಚಿನ ಗಂಗಾಳ, ಮತ್ತು ಒಂದೇ ಒಂದು ಹಿತ್ತಾಳೆ ಬೋಗಾಣಿ. ಅಗಲ ಬಾಯಿಯ ಆ ಅಡಿಗೆ ಪಾತ್ರೆಯನ್ನು ಅವ್ವ ಕಣ್ಣಿನ ಗುಡ್ಡೆಯಂತೆ ನೋಡಿಕೊಳ್ಳುತ್ತಿದ್ದಳು. ಒಂದೊಂದಕ್ಕೂ ಅವಳಲ್ಲಿ ಒಂದೊಂದು ತಿಕ್ಕುವ ಸಾಮಾನು ಇತ್ತು. ಗಡಿಗೆಗೆ ಬಿಸಿನೀರು ಮತ್ತು ಒಂದು ಹಿಡಿ ತೌಡು. ಹಂಚಿಗೆ ಹಳೆಯ ಬಾವಿ ಹಗ್ಗವನ್ನು ಬಿಚ್ಚಿ ಮುದ್ದೆ ಮಾಡಿದ ಪುಂಡಿ ನಾರು, ಉಸುಕು. ಗಂಗಾಳಕ್ಕೆ ಹಿಂಡಿ ಉಳಿದ ಹುಣಸೆಹಣ್ಣಿನ ಹಿಪ್ಪೆ, ಬೂದಿ. ಬೋಗಾಣಿಯ ಹೊರಮೈಗೂ ಹುಣಸೆಯೇ. ಆದರೆ ಅದರ ಒಳಮೈಗೆ ಮಾತ್ರ ಬಳ್ಳಿಯಲ್ಲೇ ಒಣಗಲು ಬಿಟ್ಟ ಹೀರೇಕಾಯಿಯ ಜಾಳಿಗೆ ಮತ್ತು ಬಟ್ಟೆಯಲ್ಲಿ ಸೋಸಿದ ಸಗಣಿ ಕುಳ್ಳಿನ ಬೂದಿ. ಬೇರೆ ಯಾವುದನ್ನೂ ಮುಟ್ಟಿಸಲು ಬಿಡುತ್ತಿರಲಿಲ್ಲ. ಏಕೆಂದರೆ ಒಳಗೆ ಕಲಾಯಿ ಇರುತ್ತಿತ್ತು, ತವರದ ತೆಳ್ಳನೆಯ ಬಿಳಿ ಲೇಪ. ದೀಪಾವಳಿಯ ಆಸುಪಾಸು ಸಂಕೇಶ್ವರದ ಕಲಾಯಿಗಾರ ಬಂದು ಹಾಕಿಕೊಟ್ಟು ಹೋದರೆ ಮುಂದಿನ ದೀಪಾವಳಿಯ ತನಕ ಅದನ್ನು ಕಾಯಬೇಕು.

ಕಲಾಯಿ ದಿನ ಕಳೆದಂತೆ ಮಂಕಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಕಪ್ಪಾದರೂ ಅದು ಕಲಾಯಿಯೇ. ಅದು ಕಿತ್ತುಹೋದ ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು ಏಳುತ್ತದೆ, ಕಿಲುಬು ಹೊಟ್ಟೆಗೆ ವಿಷ. ಇಷ್ಟು ಮಾತು ನಮ್ಮ ಮನೆಯ ಬೆಕ್ಕಿಗೂ ಗೊತ್ತಿತ್ತು. ಒಳಗೆ ಕಪ್ಪಾಗಿದೆಯಲ್ಲ, ಸ್ವಲ್ಪ ಜೋರಾಗಿ ತಿಕ್ಕಲೇ ಎಂದು ನಾನು ಚಿಕ್ಕವಳಿದ್ದಾಗ ಕೇಳಿದರೆ ಅವ್ವ, "ಕರ್ರಗ ಕಂಡ್ರ ಕಾಣಲಿ ಬಿಡ. ಅದನೇನ ವರಗ ತೋರಸಾಕ ಕುಂದರ್ಸಾಕತ್ತೇವೇನ?" ಎಂದು ನಕ್ಕಿದ್ದಳು.

ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನನ್ನನ್ನು ಮೂಡಲಗಿಗೆ ಕೊಟ್ಟರು. ಗಂಡನ ಮನೆಯ ಹೊಲಕ್ಕೆ ಕಾಲುವೆ ನೀರು ಹರಿದು, ಕಬ್ಬು ಕೈಹಿಡಿದು, ಹೊಸ ದುಡ್ಡು ಮನೆಯಲ್ಲಿ ಓಡಾಡುತ್ತಿದ್ದ ಕಾಲ ಅದು. ನನ್ನ ಅತ್ತೆಯೂ ಅಲ್ಲಿಯ ತನಕ ಗಡಿಗೆಯಲ್ಲೇ ಬೇಯಿಸಿ ಉಂಡವಳು. ದುಡ್ಡು ಬಂದದ್ದೇ ತಡ, ಗೋಕಾಕದ ಬಜಾರಿಗೆ ಗಾಡಿ ಕಟ್ಟಿಸಿಕೊಂಡು ಹೋಗಿ ಹಿತ್ತಾಳೆ ಪಾತ್ರೆ ಹೇರಿಕೊಂಡು ಬಂದಳು. ಗಡಿಗೆಗಳನ್ನೆಲ್ಲ ದನದ ಕೊಟ್ಟಿಗೆಗೆ ಅಟ್ಟಿದಳು. ಹೊಲದ ಆಳುಗಳಿಗೆ ಅಂಬಲಿ, ಸಾರು ಕಳಿಸುವುದಿದ್ದರೆ ಮಾತ್ರ ಆ ಗಡಿಗೆಗಳು ಹೊರಬರುತ್ತಿದ್ದವು. ಆಳುಗಳ ಊಟಕ್ಕೆ ಹಿತ್ತಾಳೆ ಸವೆಸುವಷ್ಟು ದೊಡ್ಡ ಮನಸ್ಸು ಅವಳದಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗಾಗಿತ್ತು ಆ ಮನೆ. ಪಾತ್ರೆ ಬಂದಿತ್ತು, ಅದನ್ನು ಬಾಳಿಸುವ ಬುದ್ಧಿ ಬಂದಿರಲಿಲ್ಲ.

ಅವಳಿಗೆ ಗೊತ್ತಿದ್ದ ಪಾಠ ಒಂದೇ: ಮಾರಿ ಕಾಣಬೇಕು. ಪಾತ್ರೆಯ ಹೊರಗೂ ಒಳಗೂ ತನ್ನ ಮುಖ ಕಾಣಬೇಕು. ಅದಕ್ಕೆ ಅವಳು ಇಟ್ಟದ್ದು ಕುಟ್ಟಿದ ಇಟ್ಟಂಗಿ ಪುಡಿ, ಹಳ್ಳದ ಉಸುಕು, ಮತ್ತು ತೆಂಗಿನ ಸಿಪ್ಪೆಯ ಒರಟು ನಾರು. ನಾನು ಬಂದ ಹೊಸತರಲ್ಲಿ ಬಾಯಿ ಬಿಟ್ಟು ಹೇಳಿದೆ.

"ಅತ್ತಿ, ಒಳಗಿನ ಮೈಗೆ ಇಟ್ಟಂಗಿ ಪುಡಿ ಬ್ಯಾಡ್ರಿ. ನಮ್ಮವ್ವನ ಕಡಿಂದ ಒಂದೆರಡ ಒಣ ಹೀರಿಕಾಯಿ ತರಸ್ತೇನಿ."

"ಯಾಕ, ನಿಮ್ಮವ್ವನ ಮನ್ಯಾಗ ತಿನ್ನಾಕ ಜನ ಇಲ್ಲೇನ? ಹೀರಿಕಾಯಿ ತಗೊಂಡ ಭಾಂಡೆ ತಿಕ್ಕತಾರಂತ!" ಎಂದು ಅವಳು ಓಣಿಗೆಲ್ಲ ಕೇಳುವಂತೆ ನಕ್ಕಳು. ಗೋಡೆಯಾಚೆ ಇನ್ನಾರೋ ನಕ್ಕರು.

"ಕಲಾಯಿ ಹೋಕ್ಕೈತ್ರಿ, ಅದಕ ಹೇಳಿದೆ."

"ಕಲಾಯಿ ಬೆಳ್ಳಗಿರ್ತೈತಿ. ನಾನೂ ಕಂಡೇನಿ. ಇದು ಕರ್ರಗೈತಿ, ಇದು ಜಿಡ್ಡ. ಮೈಗಳ್ಳಿ, ತಿಕ್ಕಾಕ ಬ್ಯಾಸರಾಗಿ ನನಗ ಕಥಿ ಹೇಳತಿ?"

ಇಷ್ಟೇ ನೋಡಿ ತಪ್ಪು. ಕಪ್ಪಾದ ಕಲಾಯಿಯನ್ನು ಜಿಡ್ಡು ಎಂದು ತಿಳಿದಳು. ಗೊತ್ತಿಲ್ಲದ್ದಕ್ಕೆ ನಾನು ಅವಳನ್ನು ಬೈಯುವುದಿಲ್ಲ, ಗೊತ್ತಿಲ್ಲದ್ದು ಎಷ್ಟೋ ಇರುತ್ತದೆ. ಗೊತ್ತಿದ್ದವಳು ಎದುರಿಗೆ ನಿಂತು ಹೇಳಿದರೂ ಕೇಳಲಿಲ್ಲವಲ್ಲ, ಅದಕ್ಕೆ ಬೈಯುತ್ತೇನೆ. ಸೊಸೆಯ ಬಾಯಿಂದ ಬಂದದ್ದು ಬುದ್ಧಿಮಾತು ಆಗುವುದು ಹೇಗೆ? ಅದು ಎದುರುತ್ತರವೇ ಆಗಬೇಕು. ನಾನು ತಿಕ್ಕುವಾಗ ನಾರಿನ ಮೇಲೆ ಬೂದುಬಣ್ಣದ ಹೊಲಸು ಇಳಿಯುತ್ತಿತ್ತು. ಅವಳು ಅದನ್ನು ಬೆರಳಿನಿಂದ ಒರೆಸಿ ತೋರಿಸಿ, "ನೋಡ, ಎಷ್ಟ ಜಿಡ್ಡ ಹೊಂಟೈತಿ" ಎನ್ನುತ್ತಿದ್ದಳು. ಅದು ಕಲಾಯಿ. ನನ್ನ ಉಗುರಿನ ಸಂದಿಯಲ್ಲಿ, ಒಡೆದ ಬೆರಳುಗಳ ಬಿರುಕಿನಲ್ಲಿ ತುಂಬಿಕೊಂಡದ್ದೂ ಕಲಾಯಿಯೇ. ಇಟ್ಟಂಗಿ ಪುಡಿ ಪಾತ್ರೆಯನ್ನೂ ತಿಂತು, ನನ್ನ ಕೈಯನ್ನೂ ತಿಂತು.

ಅಷ್ಟರಲ್ಲಿ ಗೋಕಾಕಕ್ಕೆ ಕೊಟ್ಟಿದ್ದ ನಾದಿನಿ ಬಸುರಿಯಾದಳು. ಅವಳ ಕುಬಸ, ಅಂದರೆ ಸೀಮಂತ, ತವರಿನಲ್ಲೇ ಆಗಬೇಕೆಂದು ಅತ್ತೆ ಹಟ ಹಿಡಿದಳು. ಬೀಗರು ಬರುತ್ತಾರೆ, ಬೀಗರ ಹೆಂಗಸರು ಬರುತ್ತಾರೆ. ನಮ್ಮ ಕಡೆ ಬೀಗಿತಿಯರು ಬಂದರೆ ಮೊದಲು ಕಣ್ಣು ಹಾಯಿಸುವುದು ಪಾತ್ರೆಗಳ ಹಲಗೆಯ ಮೇಲೆ. ಮಾತಾಡುತ್ತ ಆಡುತ್ತ ಒಂದನ್ನು ಕೈಗೆ ತೆಗೆದುಕೊಂಡು ಬೋರಲು ಮಾಡಿ, ಒಳಗೆ ಇಣುಕಿ, ಏನೂ ನೋಡಿಲ್ಲವೆಂಬಂತೆ ಇಟ್ಟುಬಿಡುತ್ತಾರೆ. ಮನೆತನದ ಅಳತೆ ಅಲ್ಲಿಯೇ ಆಗಿಹೋಗುತ್ತದೆ. ಅತ್ತೆಗೆ ಅದೇ ಚಿಂತೆ. ಮಗಳ ಹೊಟ್ಟೆಗಿಂತ ಬೋಗಾಣಿಯ ಹೊಟ್ಟೆಯ ಚಿಂತೆ ಹೆಚ್ಚು.

ಕುಬಸದ ಹಿಂದಿನ ದಿನ ಹಿತ್ತಲಿನ ಕಟ್ಟೆಯ ಮೇಲೆ ಕುಳಿತು, ಎಲ್ಲಕ್ಕಿಂತ ದೊಡ್ಡ ಬೋಗಾಣಿಯನ್ನು ನನ್ನ ಮುಂದೆ ಉರುಳಿಸಿ, ತಿಕ್ಕು ಎಂದಳು. ತಿಕ್ಕಿದೆ. ಇನ್ನೂ ಕರಿ ಇದೆ, ತಿಕ್ಕು. ಮತ್ತೆ ತಿಕ್ಕಿದೆ. ನಾನು ಕೊನೆಯ ಸಲ ಹೇಳಿದೆ: "ಅತ್ತಿ, ನಾಳೆ ಇದರಾಗ ಹುಳಿ ಕುದಸ್ತೇವ್ರಿ. ಬ್ಯಾಡ್ರಿ." ಅವಳು ನಾರನ್ನು ಕಿತ್ತುಕೊಂಡು ತಾನೇ ನಾಲ್ಕು ಸಲ ತಿಕ್ಕಿ ತೋರಿಸಿ ನನ್ನ ಮಡಿಲಿಗೆ ಎಸೆದಳು. ಕೊನೆಗೆ ಒಳಗೆಲ್ಲ ಹಳದಿ ಹಿತ್ತಾಳೆ ಮೇಲೆದ್ದು ಥಳಥಳ ಹೊಳೆಯಿತು. "ಈಗ ನೋಡ, ಬಂಗಾರ ಆತು!" ಎಂದಳು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅನ್ನುವ ಮಾತು ಅವಳ ಕಿವಿಗೆ ಯಾರೂ ಹಾಕಿರಲಿಲ್ಲ.

ಕುಬಸ ಗದ್ದಲವಾಗಿ ನಡೆಯಿತು. ಹೋಳಿಗೆ, ಅದರ ಬೇಳೆ ಬಸಿದ ಕಟ್ಟಿನಿಂದ ಹುಣಸೆಹುಳಿ ಜೋರಾಗಿ ಹಾಕಿ ಮಾಡಿದ ಕಟ್ಟಿನ ಸಾರು, ಬದನೆಕಾಯಿ ಪಲ್ಯ. ನನಗೆ ಉಡಿ ತುಂಬುವ ಕೆಲಸಕ್ಕೆ ಕರೆಯಲಿಲ್ಲ. ಮದುವೆಯಾಗಿ ಎರಡು ದೀಪಾವಳಿ ಕಳೆದರೂ ನನಗೆ ಮಕ್ಕಳಾಗಿರಲಿಲ್ಲ, ಅಂಥವಳ ಕೈ ಬಸುರಿಗೆ ತಾಗಬಾರದಂತೆ. ತಾಗದೆ ಇರಲಿ, ಒಲೆಯ ಮುಂದೆ ಆ ಕೈ ಬೇಕಿತ್ತು. ಬೀಗಿತಿ ಒಳಗೆ ಬಂದವಳೇ ಒಂದು ಬೋಗಾಣಿ ಬೋರಲು ಮಾಡಿ ನೋಡಿ, "ಏನವಾ, ಒಳಗೂ ಮಾರಿ ಕಾಣತೈತಿ!" ಎಂದಳು. ಅತ್ತೆ ಹಿಗ್ಗಿ ಹೀರೇಕಾಯಿಯಾದಳು. "ನಾನ ನಿಂತ ತಿಕ್ಕಸ್ತೇನ್ರಿ. ಸೊಸಿಗೆ ಎಲ್ಲಾ ನಾನ ಕಲಿಸೇನಿ" ಎಂದಳು. ಈ ಮಾತನ್ನು ನಾನು ಎರಡು ಕಿವಿಯಿಂದ ಕೇಳಿದ್ದೇನೆ. ಬೀಗರು ಸಂಜೆಯ ಬಸ್ಸಿಗೆ ಗೋಕಾಕಕ್ಕೆ ಹೋದರು, ನಾದಿನಿ ಉಳಿದಳು.

ಕಟ್ಟಿನ ಸಾರಿನ ಗುಣ ನಿಮಗೆ ಗೊತ್ತಿರಬೇಕು. ಮಾಡಿದ ದಿನಕ್ಕಿಂತ ಮರುದಿನ ಕುದಿಸಿ ಉಂಡರೆ ರುಚಿ. ಹೋಳಿಗೆ ಮಾಡಿದ ಮನೆಯವರು ಮರುದಿನದ ಸಾರಿಗೇ ಕಾದುಕೊಂಡಿರುತ್ತಾರೆ. ಆಳುಗಳ ಪಾಲನ್ನು ಅತ್ತೆ ಅವತ್ತೇ ಗಡಿಗೆಗೆ ಹಾಕಿಸಿ ಬೇರೆ ಇಡಿಸಿದ್ದಳು. ಉಳಿದದ್ದು ಆ ಬಂಗಾರದ ಬೋಗಾಣಿಯಲ್ಲೇ ರಾತ್ರಿ ಕಳೆಯಿತು. ಬೇರೆಯದಕ್ಕೆ ಸುರಿಯಲೇ ಎಂದರೆ, ಇನ್ನೊಂದು ಪಾತ್ರೆ ಮುಸುರೆ ಮಾಡಬೇಡ ಎಂದಳು.

ಬೆಳಿಗ್ಗೆ ಮನೆಯವರೆಲ್ಲ ಸಾಲಾಗಿ ಕುಳಿತು ಅನ್ನಕ್ಕೆ ಸಾರು ಸುರಿದುಕೊಂಡು ಉಂಡರು. ಅತ್ತೆ, ಮಾವ, ನನ್ನ ಗಂಡ, ನಾದಿನಿ. ನಾದಿನಿ ಎರಡು ಸಲ ಹಾಕಿಸಿಕೊಂಡಳು. "ಯಾಕೋ ಬಾಯಿ ಒಗರಾಗಾಕತ್ತೈತಿ ಬೇ" ಎಂದಳು. "ಬಸರಿ ಬಾಯಿ, ಹಂಗ ಅನಸ್ತೈತಿ, ಉಣ್ಣು" ಎಂದಳು ಅತ್ತೆ. ನಾನು ಹಿತ್ತಲಿನಲ್ಲಿ ನಿನ್ನೆಯ ಊಟದ ಗುಡ್ಡದಷ್ಟು ಮುಸುರೆಯ ಮುಂದೆ ಕುಳಿತಿದ್ದೆ. ಸೊಸೆಯ ಊಟ ಕೊನೆಗೆ, ಅದು ಆ ಮನೆಯ ಪದ್ಧತಿ. ಹಸಿವು ತಾಳಲಾರದೆ ಆಳುಗಳ ಗಡಿಗೆಯಿಂದ ಒಂದು ಬಟ್ಟಲು ಸಾರು ಬಗ್ಗಿಸಿಕೊಂಡು, ಅದರಲ್ಲಿ ರೊಟ್ಟಿ ಮುರಿದು ಹಾಕಿ ಅಲ್ಲೇ ತಿಂದಿದ್ದೆ. ಗಡಿಗೆಯಲ್ಲಿ ಉಳಿದದ್ದನ್ನು ಆಳು ಬಂದು ಹೊಲಕ್ಕೆ ಒಯ್ದ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಓಕರಿಕೆಯ ಸದ್ದು ಕೇಳಿತು. ಮೊದಲು ನಾದಿನಿ, ಆಮೇಲೆ ಮಾವ, ಆಮೇಲೆ ಎಲ್ಲರೂ. ಹೊಟ್ಟೆ ಹಿಡಿದುಕೊಂಡು ಕಾರಿದರು. ನಾದಿನಿಯಂತೂ ಮುಖ ಬಿಳಿಚಿಕೊಂಡು ನೆಲಕ್ಕೆ ಒರಗಿದಳು. ಅವಳ ತಲೆ ಹಿಡಿದುಕೊಂಡವಳು ನಾನು, ಕಾರಿದ್ದನ್ನು ಬಳಿದವಳು ನಾನು, ಓಣಿಯಲ್ಲಿ ಓಡಿ ಗಾಡಿ ಕಟ್ಟಿಸಿದವಳು ನಾನು. ನನ್ನ ಗಂಡ ತಾವೇ ಬಸವಳಿದಿದ್ದರೂ ತಂಗಿಯನ್ನು ಕರೆದುಕೊಂಡು ಘಟಪ್ರಭಾದ ದವಾಖಾನೆಗೆ ಹೊರಟರು. ಗಾಡಿ ಓಣಿ ದಾಟಿತ್ತೋ ಇಲ್ಲವೋ, ಗೋಡೆಗೆ ಒರಗಿ ಕುಳಿತಿದ್ದ ಅತ್ತೆ ನನ್ನ ಕಡೆಗೆ ಕೈ ಚಾಚಿದಳು.

"ಎಲ್ಲಾರೂ ಕಾರಾಕತ್ತೇವಿ. ಈಕಿ ಒಬ್ಬಾಕಿ ಗುಂಡಕಲ್ಲ ನಿಂತಂಗ ನಿಂತಾಳ. ಯಾಕ?"

ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ಅವಳೇ ಕೊಟ್ಟಳು.

"ತನಗ ಆಗಲಿಲ್ಲಂತ ನನ್ನ ಮಗಳ ಹೊಟ್ಟಿ ಮ್ಯಾಲ ಕಣ್ಣ ಹಾಕ್ಯಾಳ. ಸಾರಿನ್ಯಾಗ ಏನೋ ಕೂಡಿಸ್ಯಾಳ. ಯವ್ವಾ, ಹಾವಿಗೆ ಹಾಲ ಎರದೆ!"

ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಅವರ ಕಣ್ಣು ನನ್ನ ಕೈಗಳ ಮೇಲಿತ್ತು. ವಿಷ ಹಾಕಿದ ಕೈ ಹೇಗಿರುತ್ತದೆ ಎಂದು ನೋಡುತ್ತಿದ್ದರು. ಒಬ್ಬಳೂ, ಒಬ್ಬಳೇ ಒಬ್ಬಳೂ ಒಳಗೆ ಬಂದು ಏನಾಯಿತು ತಂಗಿ ಎಂದು ಕೇಳಲಿಲ್ಲ. ನನಗೆ ಅಳು ಬರಲಿಲ್ಲ. ಮೈಯೆಲ್ಲ ಬೆಂಕಿ ಹತ್ತಿಕೊಂಡಿತು. ಒಳಗೆ ಹೋಗಿ ಆ ಬೋಗಾಣಿಯನ್ನು ತೊಳೆಯದೆ, ಇದ್ದ ಹಾಗೆಯೇ, ದೊಡ್ಡ ಬುಟ್ಟಿಯ ಕೆಳಗೆ ಮುಚ್ಚಿಟ್ಟೆ.

ದೇವರ ದಯೆ, ನಾದಿನಿ ಬದುಕಿದಳು, ಹೊಟ್ಟೆಯಲ್ಲಿದ್ದ ಕೂಸಿಗೂ ಏನೂ ಆಗಲಿಲ್ಲ. ಅವಳು ದವಾಖಾನೆಯಿಂದ ತಿರುಗಿ ಬರುವಷ್ಟರಲ್ಲಿ ಘೋಡಗೇರಿಯಿಂದ ನನ್ನ ಅಪ್ಪ, ಅವ್ವರನ್ನು ಕರೆಸಿದ್ದರು. ಪಡಸಾಲೆಯಲ್ಲಿ ಎಲ್ಲರೂ ಕುಳಿತರು. ತಪ್ಪು ಒಪ್ಪಿಕೊಂಡು ಕಾಲಿಗೆ ಬೀಳಲಿ, ಇಲ್ಲದಿದ್ದರೆ ಗಂಟು ಕಟ್ಟಿಕೊಂಡು ತವರಿಗೆ ನಡೆಯಲಿ ಎಂದು ಅತ್ತೆ ಮೊದಲೇ ತೀರ್ಮಾನ ಮಾಡಿಟ್ಟಿದ್ದಳು. ನಾನು ಒಳಗೆ ಹೋಗಿ ಬೋಗಾಣಿಯನ್ನು ತಂದು ಅವರ ನಟ್ಟನಡುವೆ ಧಡ್ ಎಂದು ಇಟ್ಟೆ. ಸಾರು ನಿಂತಿದ್ದ ಗುರುತಿನ ಸುತ್ತ ಹಸಿರು ಕಿಲುಬು ಬಳೆಯಂತೆ ಕಟ್ಟಿತ್ತು.

"ನೋಡ್ರಿ ಮಾವಾರ. ನಾ ಏನ ಹಾಕೇನಿ ಅನ್ನೂದ ಇಲ್ಲೈತಿ. ಇದರಾಗ ಕಲಾಯಿ ಎಲ್ಲೈತಿ ತೋರಸ್ರಿ. ನಾನೂ ಅದ ಸಾರ ಉಂಡೇನಿ, ಗಡಿಗ್ಯಾಗಿಂದ. ಹೊಲದಾಗ ಆಳೂ ಉಂಡಾರ. ಕೇಳ್ರಿ ಅವರನ್ನ, ಯಾರರ ಕಾರಿದ್ರೇನ ಅಂತ."

ಮಾವ ಅಂಗಳದಲ್ಲಿದ್ದ ಆಳನ್ನು ಕರೆದು ಕೇಳಿದರು. "ಉಂಡೇವ್ರಿ ಯಜಮಾನ್ರ, ಭಾಳ ಚೊಲೋ ಇತ್ರಿ ಸಾರು" ಎಂದ ಅವನು. ಮಾವ ಬೋಗಾಣಿಯನ್ನು ಬೆಳಕಿಗೆ ಹೊರಳಿಸಿದರು, ಉಗುರಿನಿಂದ ಕೆರೆದರು, ಬೆರಳು ಮೂಸಿದರು. "ಕಿಲಬ ಎದ್ದೈತಿ. ಕಲಾಯಿ ಒಂಚೂರೂ ಉಳದಿಲ್ಲ ಇದಕ್ಕ" ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು ಅಂದುಕೊಂಡೆ. ಎಂಥ ಮಳ್ಳಿ ನಾನು!

"ತಿಕ್ಕಿದಾಕಿ ಯಾರ ಮತ್ತ?" ಎಂದಳು ಅತ್ತೆ. "ಭಾಂಡೆ ತಿಕ್ಕೂದ ಯಾರ ಕೆಲಸ ಈ ಮನ್ಯಾಗ? ನಂದೇನ?"

ಬೀಗಿತಿಯ ಮುಂದೆ ನಾನೇ ಕಲಿಸಿದ್ದು ಎಂದವಳು ಇವಳೇ. ಆ ಹೊತ್ತಿಗೆ ನನ್ನ ಅಪ್ಪನಾದರೂ ಎದ್ದು ನಿಲ್ಲಬೇಕಿತ್ತು. ಅಪ್ಪ ಕೈ ಜೋಡಿಸಿ, "ತಿಳಿಲಾರದ ಹುಡಿಗಿ, ತಪ್ಪ ಮಾಡ್ಯಾಳ್ರಿ ಅಕ್ಕಾರ. ಹೊಟ್ಟಿಗೆ ಹಾಕ್ಕೋರಿ" ಎಂದ. ನಾನು ಮಾಡದ ತಪ್ಪಿಗೆ ನನ್ನ ಅಪ್ಪನೇ ನನ್ನ ಪರವಾಗಿ ಕ್ಷಮೆ ಕೇಳಿದ. ಅಪ್ಪನ ಮೇಲಿನ ಆ ಸಿಟ್ಟು 'ಸತ್ತವರ ಮೇಲೆ ಸಿಟ್ಟೇಕೆ' ಎನ್ನುವವರ ಮಾತಿಗೂ ಇಳಿದಿಲ್ಲ.

"ಆಗಲಿ" ಎಂದಳು ಅತ್ತೆ, ದೊಡ್ಡ ಉಪಕಾರ ಮಾಡಿದವಳಂತೆ. "ಆದ್ರ ನನ್ನ ಜೀವಕ್ಕ ಧೈರ್ಯ ಇಲ್ಲ. ಇನ್ನ ಮ್ಯಾಲ ಈಕಿ ಮಾಡಿದ ಅಡಗಿ ಮದಲ ಈಕಿ ತಿನ್ನಲಿ. ಈಕಿಗೆ ಏನೂ ಆಗಲಿಕ್ರ ಆಮ್ಯಾಲ ನಾವು ಉಣ್ಣೂದು."

ನಾನು ಗಂಡನ ಕಡೆ ನೋಡಿದೆ. ಅವರು ತಮ್ಮ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದರು. ಮಾವ, "ಆತ ಬಿಡ, ಒಂದ ತುತ್ತ ತಿನ್ನಾಕ ಏನ ಆಗೂದೈತಿ" ಎಂದು ಎದ್ದು ಹೋದರು. ಹಿತ್ತಲಿನಲ್ಲಿ ಅವ್ವ ನನ್ನ ಕೈ ಹಿಡಿದು, "ನಡಿ ಮಗಳ ಮನಿಗೆ. ಇಂಥಾವರ ಮನ್ಯಾಗ ನೀರೂ ಕುಡೀಬ್ಯಾಡ" ಎಂದಳು. ನನಗೂ ಹೋಗಬೇಕೆನಿಸಿತು. ಆದರೆ ಹೋಗಲಿಲ್ಲ. "ಈಗ ಬಂದ್ರ, ಹಾಕಿದ್ದ ಖರೆ ಅಂತಾರ ಬೇ" ಎಂದೆ. ನನ್ನ ಕೈಯ ಅಡಿಗೆಯನ್ನು ಅವರು ಒಂದು ದಿನವಾದರೂ ನಿರ್ಭಯವಾಗಿ ಉಣ್ಣಬೇಕು. ಅದನ್ನು ನೋಡದೆ ಆ ಹೊಸ್ತಿಲು ದಾಟುವುದಿಲ್ಲ ಎಂದು ಹಟ ತೊಟ್ಟೆ.

ಅಂದಿನಿಂದ ನನ್ನ ಊಟಕ್ಕೆ ಬಡ್ತಿ ಸಿಕ್ಕಿತು. ಕೊನೆಗೆ ಉಣ್ಣುತ್ತಿದ್ದ ಸೊಸೆ ಮೊದಲು ಉಣ್ಣುವವಳಾದೆ. ಗಂಗಾಳಗಳಿಗೆಲ್ಲ ಬಡಿಸಿ, ಅವರ ಸಾಲಿನ ಎದುರಿಗೆ ಕುಳಿತು, ರೊಟ್ಟಿಯ ಒಂದು ತುಣುಕು, ಪಲ್ಯದ ಒಂದು ಚೂರು, ಸಾರಿನ ಒಂದು ಗುಟುಕು ಬಾಯಿಗೆ ಹಾಕಬೇಕು. ಅತ್ತೆ ನನ್ನ ಗಂಟಲನ್ನೇ ನೋಡುತ್ತಿದ್ದಳು, ನುಂಗಿದೆನೋ ಇಲ್ಲವೋ ಎಂದು. ನನಗೇನಾದರೂ ಆಗುತ್ತದೋ ಎಂದು ಸ್ವಲ್ಪ ಹೊತ್ತು ಕಾಯುತ್ತಿದ್ದರು. ಆಮೇಲೆ ಅವಳು ಕೈ ಹಾಕಿದರೆ ಉಳಿದವರು ಹಾಕುತ್ತಿದ್ದರು. ಹೊರಗಿನವರು ಯಾರಾದರೂ ಬಂದಾಗ ಅತ್ತೆ, "ನಮ್ಮ ಮನ್ಯಾಗ ಸೊಸೀದ ಮದಲನೇ ತುತ್ತ" ಎನ್ನುತ್ತಿದ್ದಳು. "ಸೊಸೀನ ಎಷ್ಟ ಅಚ್ಛಾದಿಂದ ನೋಡ್ಕೋತೀರಿ!" ಎಂದು ಅವರು ಹೊಗಳಿ ಹೋಗುತ್ತಿದ್ದರು. ಆ ಹೊಗಳಿಕೆ ಕೇಳುವಾಗ ಒಲೆಯ ಕೊಳ್ಳಿ ಎತ್ತಿ ಎಸೆಯಬೇಕು ಎನಿಸುತ್ತಿತ್ತು.

ತಿಕ್ಕುವ ವಿಷಯದಲ್ಲಿ ಮಾತ್ರ ನಾನು ಗೆದ್ದಿದ್ದೆ. ಇಟ್ಟಂಗಿ ಪುಡಿಯ ಡಬ್ಬಿಯನ್ನು ಎಲ್ಲರ ಕಣ್ಣೆದುರೇ ತಿಪ್ಪೆಗೆ ಸುರಿದೆ, ಯಾರೂ ಕೇಳಲಿಲ್ಲ. ಅವ್ವ ಕೊಟ್ಟ ಹೀರೇಬೀಜ ಹಾಕಿ ಕೊಟ್ಟಿಗೆಯ ಮೇಲೆ ಬಳ್ಳಿ ಹಬ್ಬಿಸಿದೆ. ಎಳೆಯ ಕಾಯಿ ಪಲ್ಯಕ್ಕೆ, ಬಲಿತದ್ದು ಬಳ್ಳಿಯಲ್ಲೇ ಒಣಗಲು. ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುವಷ್ಟು ಒಣಗಿದ ಮೇಲೆ ಸಿಪ್ಪೆ ಸುಲಿದು, ಬೀಜ ಕೊಡವಿ, ಜಾಳಿಗೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡುತ್ತಿದ್ದೆ. ತಿಕ್ಕಿದ ಮೇಲೆ ಹಿಂಡಿ ಬಿಸಿಲಿಗೆ ಗೂಟಕ್ಕೆ ಸಿಕ್ಕಿಸುತ್ತಿದ್ದೆ. ಹಾಲಿನದು ಬೇರೆ, ಸಾರಿನದು ಬೇರೆ. ಸವೆದರೆ ತಿಪ್ಪೆಗೆ ಹೋಗಿ ಗೊಬ್ಬರವಾಗುತ್ತಿತ್ತು. ಆ ದೀಪಾವಳಿಗೆ ಎಲ್ಲಕ್ಕೂ ಹೊಸ ಕಲಾಯಿ ಹಾಕಿಸಿದೆವು. ಅದರ ಮುಂದಿನ ದೀಪಾವಳಿಗೆ ಬಂದ ಕಲಾಯಿಗಾರ ನಮ್ಮ ಪಾತ್ರೆ ನೋಡಿ ಹೋದ ವರ್ಷದ ಕಲಾಯಿ ಇನ್ನೂ ಗಟ್ಟಿಯಿದೆ ಎಂದಾಗ ಅತ್ತೆ, "ನಮ್ಮಲ್ಲಿ ಮದಲಿಂದ್ಲೂ ಹೀರಿಕಾಯಿನಪಾ" ಎಂದಳು. ಮೊದಲಿನಿಂದಲೂ ಅಂತೆ! ಅವಳ ಖೋಡಿ ನಾಲಿಗೆಗೆ ಹುಳ ಬೀಳಲಿ ಎಂದು ಶಪಿಸಿದೆ. ಪಾತ್ರೆಯ ಮೇಲಿನ ಸಂಶಯ ಹೋಯಿತು, ನನ್ನ ಮೇಲಿನದು ಹೋಗಲಿಲ್ಲ. ಮೊದಲ ತುತ್ತಿನ ಪದ್ಧತಿ ನಡೆದೇ ಇತ್ತು.

ನಾದಿನಿ ಗಂಡು ಹೆತ್ತಳು. ಕೂಸನ್ನು ಎತ್ತಿಕೊಂಡು ತವರಿಗೆ ಬಂದಾಗ, ಊಟದ ಸಾಲಿನಲ್ಲಿ ಅವಳೂ ಕೈ ಕಟ್ಟಿಕೊಂಡು ನನ್ನ ಗಂಟಲು ನೋಡುತ್ತ ಕುಳಿತಳು. ಆಮೇಲೆ ಹಿತ್ತಲಿಗೆ ಬಂದು, "ವೈನಿ, ನನಗೇನ ಸಂಶೆ ಇಲ್ಲ. ಅವ್ವ ಬೈತಾಳಂತ ಅಷ್ಟ" ಎಂದಳು. "ಸಂಶೆ ಇಲ್ಲದಾಕಿ ಉಣ್ಣಬೇಕಿತ್ತು" ಎಂದೆ. ಅವಳು ಮುಖ ಊದಿಸಿಕೊಂಡು ಹೋದಳು. ಊದಿಸಿಕೊಳ್ಳಲಿ.

ಗಂಡನನ್ನು ಎಷ್ಟೋ ಸಲ ಕೇಳಿದೆ, ನೀವಾದರೂ ಒಂದು ಮಾತು ಹೇಳಬಾರದೇ ಎಂದು. "ಹೋಗ್ಲಿ ಬಿಡ, ಅವ್ವಗ ವಯಸ್ಸಾಗೇತಿ. ನಿನ್ನ ಮ್ಯಾಲ ನನಗ ಭರೋಸಾ ಐತಲ್ಲ, ಸಾಕ" ಎನ್ನುತ್ತಿದ್ದರು. ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ನಾನು ದಿನ ತಳ್ಳಿದೆ. ಹೆಂಡತಿಗೆ ಗಂಡನ ಭರವಸೆ ಇದ್ದರೆ ಉಳಿದವರು ಹಾಳಾಗಲಿ ಎಂದುಕೊಂಡೆ.

ಮುಂದೆ ನನಗೂ ಮಗಳು ಹುಟ್ಟಿದಳು. ಮುದ್ದು ಮುದ್ದಾಗಿ ಮಾತು ಕಲಿತಿದ್ದಳು, ಆಗತಾನೇ ತನ್ನ ಪುಟ್ಟ ಗಂಗಾಳ ಹಿಡಿದು, 'ಆಯಿ, ಆಯಿ' ಎನ್ನುತ್ತ ಅಜ್ಜಿಯ ಬಾಜೂ ಸಾಲಿನಲ್ಲಿ ಕೂರತೊಡಗಿದ್ದಳು. ಒಂದು ದಿನ ಬೆಳಿಗ್ಗೆ ಒಲೆಯ ಮುಂದೆ ನಾನೊಬ್ಬಳೇ ಇದ್ದಾಗ ಹಸಿವು ಎಂದು ಬಂದಳು. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಮುರಿದು, ಊದಿ ಆರಿಸಿ, ಅವಳ ಬಾಯಿಯ ಹತ್ತಿರ ಹಿಡಿದೆ. ಅವಳು ತುಟಿ ಬಿಗಿದುಕೊಂಡು ತಲೆ ಅಲ್ಲಾಡಿಸಿದಳು.

"ನೀ ಮದಲ ತಿನ್ನ."

"ಯಾಕವಾ?"

"ನೀ ತಿಂದ ಮ್ಯಾಲ ಏನೂ ಆಗಲಿಕ್ರ ನಾವು ತಿನ್ನೂದು. ಆಯಿ ಹೇಳ್ಯಾಳ."

ಹಂಚಿನ ಮೇಲೆ ರೊಟ್ಟಿ ಸುಟ್ಟು ಕರಕಲಾಯಿತು, ನಾನು ತೆಗೆಯಲಿಲ್ಲ. ನನ್ನ ಎದೆಹಾಲು ಕುಡಿದ ಕೂಸು! ಊರು ಅನ್ನಲಿ, ಓಣಿ ಅನ್ನಲಿ, ತಾಳಿಕೊಂಡಿದ್ದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೂ ಈ ಪಾಠ ಕಲಿಸಿಬಿಟ್ಟರಲ್ಲ!

ಅವತ್ತು ಮಧ್ಯಾಹ್ನ ಎಂದಿನಂತೆ ಎಲ್ಲರಿಗೂ ಬಡಿಸಿದೆ. ಬಡಿಸಿ, ಕೂರದೆ, ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಕುಂಡ್ರ. ತಿನ್ನ" ಎಂದಳು ಅತ್ತೆ.

"ತಿನ್ನೂದಿಲ್ರಿ."

"ಯಾಕ? ಏನ ಹಾಕಿ?"

"ಉಪ್ಪ ಹಾಕೇನಿ, ಕಾರ ಹಾಕೇನಿ. ಇಷ್ಟ ವರ್ಷ ನಿಮಗೆಲ್ಲಾ ಮಾಡಿ ಹಾಕೇನಿ. ಕೊಲ್ಲೂದ ಇದ್ರ ಎಂದೋ ಕೊಲ್ಲತಿದ್ದೆ. ಬೇಕಾದ್ರ ಉಣ್ರಿ, ಬ್ಯಾಡಾದ್ರ ಹಸಕೊಂಡ ಏಳ್ರಿ. ಇನ್ನ ನಾ ಸಾಯೂತನಾ ಈ ಮನ್ಯಾಗ ಮದಲ ತುತ್ತ ತಿನ್ನಂಗಿಲ್ಲ."

ಅತ್ತೆಯ ಕೈ ಗಂಗಾಳದಿಂದ ಹಿಂದೆ ಸರಿಯಿತು. ಮಾವ ಕೆಮ್ಮಿದರು. ಮಗಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಪಲ್ಯದ ಮೇಲೆ ನೊಣ ಕೂರತೊಡಗಿತು, ಯಾರೂ ಅಲ್ಲಾಡಲಿಲ್ಲ. ಆಗ ನನ್ನ ಗಂಡ ಕೈ ಮುಂದೆ ಮಾಡಿದರು. ರೊಟ್ಟಿ ಮುರಿದರು, ಪಲ್ಯ ಹಿಡಿದರು, ಬಾಯಿಗೆ ಹಾಕಿಕೊಂಡು ಅಗಿದು ನುಂಗಿದರು. ಇಷ್ಟು ವರ್ಷದ ಮೇಲಾದರೂ, ಎಲ್ಲರೆದುರು, ನನ್ನ ಗಂಡ ನನ್ನ ಪರವಾಗಿ ಒಂದು ತುತ್ತು ಉಂಡರಲ್ಲ ಎಂದು ಜೀವ ತಂಪಾಯಿತು.

ಆದರೆ ಅವರು ಎರಡನೆಯ ತುತ್ತು ಮುರಿಯಲಿಲ್ಲ. ಕೈಯನ್ನು ಗಂಗಾಳದ ಅಂಚಿಗೆ ಇಟ್ಟು, ಎದುರಿನ ಗೋಡೆ ನೋಡುತ್ತ, ನಾಲಿಗೆಯನ್ನು ಬಾಯೊಳಗೆ ಆಡಿಸಿ ನೋಡಿದರು. ಕಾದರು. ನಾನು ನುಂಗಿದ ಮೇಲೆ ಅವರೆಲ್ಲ ದಿನವೂ ಎಷ್ಟು ಹೊತ್ತು ಕಾಯುತ್ತಿದ್ದರೋ ಅಷ್ಟೇ ಹೊತ್ತು ಕಾದರು. ಆಮೇಲೆ ತಮ್ಮ ಅವ್ವನ ಕಡೆ ತಿರುಗಿ, "ಏನೂ ಇಲ್ಲ ಬೇ, ಉಣ್ಣ" ಎಂದರು.

ಎಲ್ಲರೂ ಉಂಡರು. ಮಗಳೂ ಉಂಡಳು.

ಮರುದಿನದಿಂದ ಆ ಮನೆಯಲ್ಲಿ ನಾನು ಮೊದಲು ಉಣ್ಣಲಿಲ್ಲ, ನನ್ನ ಗಂಡ ಉಣ್ಣತೊಡಗಿದರು. ಹೆಂಡತಿಗಾಗಿ ಎಂಥ ಗಂಡಸು ಎಂದು ಓಣಿಯವರು ಕೊಂಡಾಡಿದರು. ಅವರು ನುಂಗಿ, ನಾಲಿಗೆ ಆಡಿಸಿ, "ಉಣ್ರಿ" ಎನ್ನುವ ತನಕ ನನ್ನ ಮಗಳು ನನ್ನ ಕೈಯ ತುತ್ತಿಗೆ ಬಾಯಿ ತೆರೆಯುತ್ತಿರಲಿಲ್ಲ.